ಸರ್ಚ್ ಬಾಕ್ಸ್‌ನಲ್ಲಿ ಸಿಗದ ಮುತ್ತಜ್ಜ: ಹಳೆಯ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಹುಡುಕುವ ಸಮಗ್ರ ಮಾರ್ಗದರ್ಶಿ

ಎಲ್ಲರೂ ಶುರು ಮಾಡೋದು ಒಂದೇ ರೀತಿ. ಯಾವುದೋ ವಂಶಾವಳಿ ವೆಬ್‌ಸೈಟ್ ತೆರೆದು, ಮುತ್ತಜ್ಜನ ಹೆಸರು ಟೈಪ್ ಮಾಡಿ, ಎಂಟರ್ ಒತ್ತೋದು. ಒಂದೋ ಸಾವಿರಗಟ್ಟಲೆ ಫಲಿತಾಂಶ ಬಂದು ಬೀಳುತ್ತವೆ, ಇಲ್ಲಾ ಒಂದೂ ಬರುವುದಿಲ್ಲ. ಎರಡು ದಿನ ಹೀಗೇ ಒದ್ದಾಡಿ, ‘ನಮ್ಮವರದ್ದು ಏನೂ ಉಳಿದಿಲ್ಲ ಬಿಡಿ’ ಅಂತ ಕೈಬಿಡುತ್ತಾರೆ. ನಾನೂ ಒಂದು ಸಲ ಹಾಗೇ ಕೈಬಿಟ್ಟಿದ್ದೆ.

ತಪ್ಪು ಎಲ್ಲಿ ಅಂದರೆ, ಸ್ಕ್ಯಾನ್ ಆದ ದಾಖಲೆಯೆಲ್ಲ ಹೆಸರು ಹಾಕಿದರೆ ಸಿಗುತ್ತದೆ ಅಂದುಕೊಂಡದ್ದು. ಸ್ಕ್ಯಾನ್ ಅಂದರೆ ಬರೀ ಫೋಟೋ. ಆ ಫೋಟೋದಲ್ಲಿರುವ ಕೈಬರಹವನ್ನು ಒಬ್ಬ ಮನುಷ್ಯನೋ ಒಂದು ಸಾಫ್ಟ್‌ವೇರೋ ಓದಿ, ಹೆಸರುಗಳನ್ನು ಪಟ್ಟಿ ಮಾಡಿದರೆ ಮಾತ್ರ ಅದು ಸರ್ಚ್‌ನಲ್ಲಿ ಕಾಣುತ್ತದೆ. ಈ ಪಟ್ಟಿಗೆ ಇಂಡೆಕ್ಸ್ ಅನ್ನುತ್ತಾರೆ. ಇಂಡೆಕ್ಸ್ ಆಗದ ರಿಜಿಸ್ಟರ್‌ಗಳು ಆನ್‌ಲೈನ್‌ನಲ್ಲಿ ರಾಶಿ ರಾಶಿ ಇವೆ. ನಿಮ್ಮ ಮುತ್ತಜ್ಜ ಅದರಲ್ಲೇ ಯಾವುದೋ ಹಾಳೆಯ ಮೂಲೆಯಲ್ಲಿ ಕೂತಿರಬಹುದು. ಅವರನ್ನು ಹೆಸರಿನಿಂದ ಹಿಡಿಯಲು ಆಗದಿದ್ದರೆ ಊರಿನಿಂದ ಹಿಡಿಯಬೇಕು. ಈ ಬರಹದ ಮುಕ್ಕಾಲು ಪಾಲು ಅದರ ಬಗ್ಗೆಯೇ.

ಹೆಜ್ಜೆ 1: ಮೊದಲು ಕಂಪ್ಯೂಟರ್ ಮುಚ್ಚಿಡಿ

ನಿಮ್ಮಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿ. ಯಾರೋ ಪ್ರಸಿದ್ಧ ವ್ಯಕ್ತಿಯಿಂದ ಶುರು ಮಾಡಿ ಕೆಳಗೆ ನಿಮ್ಮವರೆಗೆ ಇಳಿಯಲು ಹೋಗಬೇಡಿ, ಅದು ಯಾವತ್ತೂ ಸೇರುವುದಿಲ್ಲ.

ಮನೆಯ ಹಿರಿಯರನ್ನು ಈ ವಾರವೇ ಕೇಳಿ. ಸರ್ವರ್‌ನಲ್ಲಿರುವ ಫೋಟೋ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಕೇಳುವಾಗ ‘ಯಾವ ಇಸವಿಯಲ್ಲಿ ಹುಟ್ಟಿದ್ದು’ ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ‘ಮನೆಯಲ್ಲಿ ಅವರನ್ನು ಏನಂತ ಕರೆಯುತ್ತಿದ್ದರು’, ‘ಊರು ಬಿಟ್ಟಾಗ ಜೊತೆಗೆ ಯಾರು ಬಂದರು’, ‘ದೊಡ್ಡ ಮಗು ಆಗಲೇ ಹುಟ್ಟಿತ್ತಾ’ ಅಂತ ಕೇಳಿ. ಕರೆಯುವ ಹೆಸರೇ ದಾಖಲೆಯಲ್ಲಿ ಇರೋದು ಬಹಳ ಸಲ ಆಗುತ್ತದೆ. ಹಳೆಯ ಫೋಟೋಗಳ ಹಿಂಬದಿ, ಪತ್ರದ ಲಕೋಟೆಯ ಮೇಲಿನ ಅಂಚೆ ಮುದ್ರೆ, ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟ ತಾರೀಖು, ಇವನ್ನೆಲ್ಲ ಫೋನಿನಲ್ಲಿ ಫೋಟೋ ಹಿಡಿದುಕೊಳ್ಳಿ.

ಜನರಿಗೆ ನಂಬರ್ ಕೊಟ್ಟರೆ ಮುಂದೆ ಗೊಂದಲ ಆಗೋಲ್ಲ. ಇದಕ್ಕೆ 1590ರಲ್ಲೇ ಅಚ್ಚಾದ ಒಂದು ಸರಳ ಪದ್ಧತಿ ಇದೆ, ಜರ್ಮನ್‌ನಲ್ಲಿ ಆನೆನ್‌ಟಾಫೆಲ್ ಅನ್ನುತ್ತಾರೆ. ನೀವು 1. ಯಾರದೇ ತಂದೆ ಬೇಕಿದ್ದರೂ ಅವರ ನಂಬರಿನ ಎರಡರಷ್ಟು, ತಾಯಿ ಬೇಕಿದ್ದರೆ ಎರಡರಷ್ಟಕ್ಕೆ ಒಂದು ಸೇರಿಸಿ. ಅಪ್ಪ 2, ಅಮ್ಮ 3, ಅಮ್ಮನ ಅಪ್ಪ 6, ಅವರ ತಾಯಿ 13. ನಿಮ್ಮನ್ನು ಬಿಟ್ಟರೆ ಸಮಸಂಖ್ಯೆಯೆಲ್ಲ ಗಂಡಸರು, ಬೆಸಸಂಖ್ಯೆಯೆಲ್ಲ ಹೆಂಗಸರು. ಒಂದೇ ಹೆಸರಿನ ಮೂರು ತಲೆಮಾರು ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಹೆಜ್ಜೆ 2: ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ

‘ನಮ್ಮ ಮನೆತನದ ಇತಿಹಾಸ ಬೇಕು’ ಅನ್ನೋದು ಪ್ರಶ್ನೆ ಅಲ್ಲ. ‘12ನೇ ನಂಬರಿನವರ ಮದುವೆ 1870ರಿಂದ 1880ರ ನಡುವೆ ಎಲ್ಲಿ ದಾಖಲಾಯಿತು’ ಅನ್ನೋದು ಪ್ರಶ್ನೆ. ಯಾರು, ಯಾವ ಘಟನೆ, ಎಲ್ಲಿ, ಯಾವ ವರ್ಷಗಳ ನಡುವೆ. ಈ ನಾಲ್ಕರಲ್ಲಿ ಎರಡು ಖಾಲಿ ಇದ್ದರೆ ಇನ್ನೂ ಒಂದು ತಲೆಮಾರು ಈಚೆಗೆ ಬಂದು ಅಲ್ಲಿ ಹುಡುಕಿ.

ಹೆಜ್ಜೆ 3: ಊರಿನ ಜಾತಕ ತೆಗೆಯಿರಿ

ದಾಖಲೆಯನ್ನು ಬರೆದದ್ದು ಯಾರು? ಸರ್ಕಾರವಾ, ಚರ್ಚಾ, ಹಡಗು ಕಂಪನಿಯಾ, ಸೈನ್ಯವಾ? ಆಗ ಆ ಊರು ಯಾರ ಕೈಯಲ್ಲಿತ್ತು? ಇದು ಗೊತ್ತಾದರೆ ಈಗ ಆ ಪುಸ್ತಕ ಯಾವ ಪತ್ರಾಗಾರದಲ್ಲಿದೆ, ಯಾವ ಭಾಷೆಯಲ್ಲಿದೆ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಈಗ ಉಕ್ರೇನ್‌ನಲ್ಲಿರುವ ಲ್ವಿವ್ ನಗರವನ್ನೇ ನೋಡಿ. ಆಸ್ಟ್ರಿಯಾದ ಆಳ್ವಿಕೆಯಲ್ಲಿ ಅದು ಲೆಂಬರ್ಗ್. ಎರಡು ಮಹಾಯುದ್ಧಗಳ ನಡುವೆ ಪೋಲೆಂಡ್‌ನ ಲ್ವೂಫ್. ಆಮೇಲೆ ಸೋವಿಯತ್ ಒಕ್ಕೂಟದ ಲ್ವೋವ್. ಮನೆ ಬದಲಾಯಿಸದೇ ಒಬ್ಬ ಮನುಷ್ಯ ಮೂರು ದೇಶಗಳಲ್ಲಿ ಬಾಳಿರಬಹುದು. ಅವನ ದಾಖಲೆಗಳೂ ಅಷ್ಟೇ, ಮೂರು ಕಡೆ ಹಂಚಿಹೋಗಿರಬಹುದು. ಈಗಿನ ಹೆಸರು ಹಾಕಿ ಹುಡುಕಿದರೆ ಹಳೆಯ ಹೆಸರಿನಡಿ ಇರುವುದು ಕಾಣುವುದಿಲ್ಲ.

ಇದಕ್ಕೆ ನಾನು ಮೊದಲು ನೋಡೋದು ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ಸೈಟಿನ ವಿಕಿ. ದೇಶದ ಹೆಸರು, ಆಮೇಲೆ ಜಿಲ್ಲೆಯ ಹೆಸರು ಹಾಕಿದರೆ ಅಲ್ಲಿ ಜನನ ಮರಣ ನೋಂದಣಿ ಯಾವಾಗ ಶುರುವಾಯಿತು, ಪುಸ್ತಕಗಳು ಎಲ್ಲಿವೆ, ಯಾವುದು ಆನ್‌ಲೈನ್‌ನಲ್ಲಿದೆ ಅಂತ ಬರೆದಿರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಫ್ರಾನ್ಸ್‌ನಲ್ಲಿ 1792ರಲ್ಲೇ. ಇದು ಗೊತ್ತಿಲ್ಲದೆ 1820ರ ಇಂಗ್ಲಿಷ್ ಜನನ ಪ್ರಮಾಣಪತ್ರ ಹುಡುಕುತ್ತಾ ಕೂತರೆ ಇಡೀ ತಿಂಗಳು ದಂಡ. ಅಷ್ಟು ಹಿಂದಿನದ್ದಕ್ಕೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ.

ಹೆಜ್ಜೆ 4: ಅದು ಉಳಿದಿದೆಯಾ, ತೆರೆದಿದೆಯಾ ನೋಡಿ

ಕೆಲವು ದಾಖಲೆಗಳು ಸುಟ್ಟುಹೋಗಿವೆ. ಇನ್ನು ಕೆಲವು ಬೀಗದೊಳಗಿವೆ. ಇದನ್ನು ಮೊದಲೇ ತಿಳಿದುಕೊಂಡರೆ ನಿಮ್ಮ ಹುಡುಕಾಟವನ್ನೇ ಬೈದುಕೊಳ್ಳುವುದು ತಪ್ಪುತ್ತದೆ.

ಅಮೆರಿಕದ ಜನಗಣತಿ ಹಾಳೆಗಳು 72 ವರ್ಷ ಮುಚ್ಚಿರುತ್ತವೆ. 1950ರದ್ದು 2022ರ ಏಪ್ರಿಲ್ 1ಕ್ಕೆ ತೆರೆಯಿತು. 1890ರದ್ದು ಬಹುಪಾಲು ಇಲ್ಲವೇ ಇಲ್ಲ, 1921ರ ಬೆಂಕಿಯಲ್ಲಿ ಹಾಳಾಯಿತು, ಉಳಿದದ್ದನ್ನೂ ಆಮೇಲೆ ನಾಶ ಮಾಡಿದರು. ಬ್ರಿಟನ್‌ನಲ್ಲಿ ಜನಗಣತಿ 100 ವರ್ಷ ಮುಚ್ಚಿರುತ್ತದೆ. 1921ರ ಇಂಗ್ಲೆಂಡ್ ಮತ್ತು ವೇಲ್ಸ್‌ನದ್ದು 2022ರ ಜನವರಿಯಲ್ಲಿ ಬಂತು. ಅವುಗಳದ್ದೇ 1931ರದ್ದು 1942ರಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಹಾಗಾಗಿ ಆ ಖಾಲಿ ಜಾಗಕ್ಕೆ 1939ರ ಸೆಪ್ಟೆಂಬರ್ 29ರಂದು ತಯಾರಿಸಿದ ರಿಜಿಸ್ಟರ್ ಒಂದೇ ಆಸರೆ. ಡಬ್ಲಿನ್‌ನ ಪತ್ರಾಗಾರ 1922ರ ಅಂತರ್ಯುದ್ಧದಲ್ಲಿ ಸ್ಫೋಟಗೊಂಡು ಉರಿದುಹೋಯಿತು, ಆದರೆ ಐರ್ಲೆಂಡಿನ 1901 ಮತ್ತು 1911ರ ಗಣತಿಗಳು ಪೂರ್ತಿ ಉಳಿದಿವೆ, ಆನ್‌ಲೈನ್‌ನಲ್ಲಿ ಉಚಿತವಾಗಿಯೇ ನೋಡಬಹುದು. ಭಾರತದ ಜನಗಣತಿಯ ಮನೆಮನೆಯ ಹಾಳೆಗಳನ್ನು 1948ರ ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ತೋರಿಸುವುದಿಲ್ಲ, ಆ ದಾರಿ ಮುಚ್ಚಿದೆ ಅಂತಲೇ ತಿಳಿಯಿರಿ.

ಒಂದು ದಾಖಲೆ ಇಲ್ಲ ಅಂದರೆ ಅದೇ ವ್ಯಕ್ತಿ ಬೇರೆಲ್ಲಿ ಸಹಿ ಹಾಕಿರಬಹುದು ಅಂತ ಯೋಚಿಸಿ. ಜಮೀನು, ಉಯಿಲು, ಕೋರ್ಟು, ಸೈನ್ಯ, ಶಾಲೆ, ಹಡಗು.

ಹೆಜ್ಜೆ 5: ಪುಟ ತಿರುವಲು ಕಲಿಯಿರಿ

ಇದೇ ಮುಖ್ಯ ಹೆಜ್ಜೆ, ಹೆಚ್ಚಿನವರು ಬಿಟ್ಟುಬಿಡೋದೂ ಇದನ್ನೇ. ಫ್ಯಾಮಿಲಿಸರ್ಚ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದು ಉಚಿತ, ಖಾತೆ ತೆರೆದರೆ ಸಾಕು. ಅದನ್ನು ನಡೆಸುವ ಅಮೆರಿಕದ ಮಾರ್ಮನ್ ಚರ್ಚಿನವರು 1938ರಿಂದ ಲೋಕವೆಲ್ಲ ಸುತ್ತಿ ರಿಜಿಸ್ಟರ್‌ಗಳನ್ನು ಮೈಕ್ರೋಫಿಲ್ಮ್ ಮಾಡಿದರು. ಅಂಥ ಸುಮಾರು 24 ಲಕ್ಷ ಸುರುಳಿಗಳನ್ನು ಸ್ಕ್ಯಾನ್ ಮಾಡುವ ಕೆಲಸ 2021ರಲ್ಲಿ ಮುಗಿಯಿತು.

ಒಳಗೆ ಹೋದ ಮೇಲೆ ಸರ್ಚ್ ಮೆನುವಿನಲ್ಲಿ ದಾಖಲೆಗಳನ್ನು ಬಿಟ್ಟು ಕ್ಯಾಟಲಾಗ್ ಆರಿಸಿ. ಜನರ ಹೆಸರಲ್ಲ, ಊರಿನ ಹೆಸರು ಹಾಕಿ. ಊರು ಸಿಗದಿದ್ದರೆ ತಾಲೂಕು, ಆಮೇಲೆ ಜಿಲ್ಲೆ, ಹೀಗೆ ಒಂದೊಂದೇ ಮೇಲಕ್ಕೆ ಹೋಗಿ. ದಾಖಲೆಗಳ ಪಟ್ಟಿ ಬರುತ್ತದೆ. ಒಂದನ್ನು ತೆರೆದರೆ ಕೆಳಗೆ ಫಿಲ್ಮ್‌ಗಳ ಸಾಲು, ಪಕ್ಕದಲ್ಲಿ ಗುರುತುಗಳು. ಬರೀ ಕ್ಯಾಮೆರಾ ಇದ್ದರೆ ಈಗಲೇ ನೋಡಬಹುದು. ಭೂತಗನ್ನಡಿ ಇದ್ದರೆ ಹೆಸರಿನ ಇಂಡೆಕ್ಸ್ ಇದೆ. ಕ್ಯಾಮೆರಾ ಮೇಲೊಂದು ಕೀಲಿಕೈ ಇದ್ದರೆ ನಿರ್ಬಂಧ ಇದೆ, ಬಹಳ ಸಲ ಅವರ ಕೇಂದ್ರಕ್ಕೋ ಅವರ ಜೊತೆ ಒಪ್ಪಂದವಿರುವ ಗ್ರಂಥಾಲಯಕ್ಕೋ ಹೋಗಿ ಅಲ್ಲಿನ ಕಂಪ್ಯೂಟರ್‌ನಲ್ಲಿ ನೋಡಬೇಕು.

ಈಗ ಫಿಲ್ಮ್ ತೆರೆದಿದ್ದೀರಿ, 640 ಚಿತ್ರಗಳಿವೆ ಅಂದುಕೊಳ್ಳಿ. ಒಂದರಿಂದ ಶುರು ಮಾಡಿದರೆ ರಾತ್ರಿಯಾಗುತ್ತದೆ. ಮೊದಲು ಎಲ್ಲ ಚಿತ್ರಗಳನ್ನೂ ಚಿಕ್ಕದಾಗಿ ತೋರಿಸುವ ನೋಟಕ್ಕೆ ಹೋಗಿ. ಖಾಲಿ ಹಾಳೆ, ಗಾಢ ಬಣ್ಣದ ರಟ್ಟು, ದೊಡ್ಡ ಅಕ್ಷರದ ಫಲಕ, ಇವು ಎದ್ದು ಕಾಣುತ್ತವೆ. ಅಲ್ಲಿಗೆ ಒಂದು ಪುಸ್ತಕ ಮುಗಿದು ಇನ್ನೊಂದು ಶುರು. ಒಂದೇ ಸುರುಳಿಯಲ್ಲಿ ನಾಲ್ಕೈದು ಪುಸ್ತಕ ಇರೋದು ಮಾಮೂಲು. ನಿಮ್ಮ ಪುಸ್ತಕ 200ರಿಂದ 400ರವರೆಗೆ ಇದೆ ಅಂತ ಗೊತ್ತಾದರೆ, ಮೊದಲು ಅದರ ಕೊನೆಯ ಹತ್ತು ಪುಟ ನೋಡಿ. ಗುಮಾಸ್ತರೇ ಕೈಯಲ್ಲಿ ಬರೆದ ಹೆಸರಿನ ಪಟ್ಟಿ ಅಲ್ಲಿರುವ ಸಾಧ್ಯತೆ ಇದೆ. ಇಲ್ಲದಿದ್ದರೆ ನೇರವಾಗಿ 300ಕ್ಕೆ ಹಾರಿ. 1868 ಕಂಡಿತು, ನಿಮಗೆ 1874 ಬೇಕು. 350ಕ್ಕೆ ಹಾರಿ. 1877. ಹಿಂದಕ್ಕೆ 325. ಆರೇಳು ನೆಗೆತದಲ್ಲಿ ಬೇಕಾದ ತಿಂಗಳಿಗೆ ಬಂದಿರುತ್ತೀರಿ, ನಿಘಂಟಿನಲ್ಲಿ ಪದ ಹುಡುಕಿದ ಹಾಗೆ.

ಫ್ರಾನ್ಸಿನ ಜಿಲ್ಲಾ ಪತ್ರಾಗಾರಗಳ ಸೈಟ್‌ಗಳಲ್ಲೂ ಹೀಗೇ. ಊರು, ವರ್ಷ ಆರಿಸಿ ಪುಟ ತಿರುವಬೇಕು. ಅಲ್ಲಿ ಹತ್ತು ವರ್ಷಕ್ಕೊಂದು ಹೆಸರಿನ ಪಟ್ಟಿ ಇರುತ್ತದೆ, ಅದನ್ನು ಮೊದಲು ತೆರೆದರೆ ಕೆಲಸ ಅರ್ಧ ಮುಗಿದಂತೆ.

ಹೆಜ್ಜೆ 6: ಸರ್ಚ್ ಬಾಕ್ಸ್‌ಗೆ ಕಡಿಮೆ ಹೇಳಿ

ಇಂಡೆಕ್ಸ್ ಇದ್ದರೆ ಅದನ್ನು ಬಳಸದೇ ಇರೋದು ದಡ್ಡತನ. ಆದರೆ ಎಲ್ಲ ಖಾನೆ ತುಂಬಬೇಡಿ. ಜಾಸ್ತಿ ತುಂಬಿದಷ್ಟೂ ತಪ್ಪಾಗುವ ಜಾಗ ಜಾಸ್ತಿ. ಹೆಸರು, ಊರು, ಐದು ವರ್ಷ ಹಿಂದೆ ಮುಂದೆ. ಸಿಗದಿದ್ದರೆ ಒಂದೊಂದೇ ತೆಗೆಯುತ್ತಾ ಬನ್ನಿ. ಕುಲನಾಮ ತೆಗೆದು ಬರೀ ಮೊದಲ ಹೆಸರು ಮತ್ತು ಊರು. ಅದೂ ಇಲ್ಲವಾ, ಮಕ್ಕಳಲ್ಲಿ ಅಪರೂಪದ ಹೆಸರಿರುವ ಮಗುವನ್ನು ಹುಡುಕಿ. ಅದು ಸಿಕ್ಕರೆ ಅಪ್ಪ ಅಮ್ಮ ಅದೇ ಹಾಳೆಯಲ್ಲಿ ಮೇಲೆಯೇ ಇರುತ್ತಾರೆ.

ಹೆಸರಿನ ಕಾಗುಣಿತ ಅನ್ನೋದು ತೀರಾ ಈಚಿನ ಹಟ. ಆಗ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಹೆಚ್ಚಿನ ಸೈಟ್‌ಗಳಲ್ಲಿ * ಹಾಕಿದರೆ ಎಷ್ಟು ಅಕ್ಷರ ಬೇಕಾದರೂ, ? ಹಾಕಿದರೆ ಒಂದು ಅಕ್ಷರ ಅಂತ ಅರ್ಥ. ಸ್ಮಿತ್ ಅನ್ನೋದನ್ನು ಮಧ್ಯದಲ್ಲಿ ಐ ಹಾಕಿ ಬರೆದರೋ ವೈ ಹಾಕಿ ಬರೆದರೋ ಗೊತ್ತಿಲ್ಲದಿದ್ದರೆ ಆ ಜಾಗಕ್ಕೆ ? ಹಾಕಿ. ಸೌಂಡೆಕ್ಸ್ ಅಂತ ಒಂದು ಆಯ್ಕೆ ಇದ್ದರೆ ಅದನ್ನೂ ಒತ್ತಿ. ಹೆಸರಿನ ಮೊದಲ ಅಕ್ಷರ ಹಾಗೇ ಇಟ್ಟು, ಮುಂದಿನ ವ್ಯಂಜನಗಳಿಗೆ ಅಂಕಿ ಕೊಟ್ಟು ಕೋಡ್ ಮಾಡುವ ಪದ್ಧತಿ ಅದು, 1918ರಲ್ಲಿ ಪೇಟೆಂಟ್ ಆದದ್ದು. ರಾಬರ್ಟ್, ರೂಪರ್ಟ್ ಎರಡಕ್ಕೂ ಅದರಲ್ಲಿ ಒಂದೇ ಕೋಡ್. ಆದರೆ ಮೊದಲ ಅಕ್ಷರವೇ ಬದಲಾಗಿದ್ದರೆ ಅದೂ ಕೈಕೊಡುತ್ತದೆ.

ಗಿಡ್ಡ ಹೆಸರುಗಳ ಕಾಟವೂ ಇದೆ. ಇಂಗ್ಲಿಷ್ ದಾಖಲೆಗಳಲ್ಲಿ ಮೇರಿಯನ್ನು ಪಾಲಿ ಅಂತಲೂ ಮಾರ್ಗರೆಟ್‌ಳನ್ನು ಪೆಗ್ಗಿ ಅಂತಲೂ ಬರೆದಿರುತ್ತಾರೆ. ಲ್ಯಾಟಿನ್ ಪುಸ್ತಕದಲ್ಲಿ ಜೇಮ್ಸ್ ಹೋಗಿ ಯಾಕೋಬುಸ್ ಆಗಿರುತ್ತಾನೆ. ಅಂದಹಾಗೆ, ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ನಮ್ಮ ಹೆಸರು ಬದಲಾಯಿಸಿಬಿಟ್ಟರು ಅನ್ನೋ ಕತೆ ಅಮೆರಿಕದ ಮನೆಮನೆಯಲ್ಲೂ ಇದೆ. ಅಲ್ಲಿನ ಗುಮಾಸ್ತರು ಹೆಸರು ಬರೆಯುತ್ತಲೇ ಇರಲಿಲ್ಲ. ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ ಹಿಡಿದು ತಾಳೆ ನೋಡುತ್ತಿದ್ದರು. ಹೆಸರು ಬದಲಾಗಿದ್ದು ಸಾಮಾನ್ಯವಾಗಿ ಆಮೇಲೆ, ಅವರವರೇ ಬದಲಾಯಿಸಿಕೊಂಡದ್ದು.

ಇತ್ತೀಚೆಗೆ ಒಂದು ಒಳ್ಳೆಯದಾಗಿದೆ. ಫ್ಯಾಮಿಲಿಸರ್ಚ್‌ನಲ್ಲಿ ಫುಲ್ ಟೆಕ್ಸ್ಟ್ ಸರ್ಚ್ ಬಂದಿದೆ, ಕಂಪ್ಯೂಟರೇ ಹಳೆಯ ಕೈಬರಹ ಓದಿ ಹುಡುಕುತ್ತದೆ. ಉಯಿಲಿನ ಮಧ್ಯದಲ್ಲಿ ಸಾಕ್ಷಿಯಾಗಿ ಸಹಿ ಹಾಕಿದವರ ಹೆಸರೂ ಇದರಲ್ಲಿ ಸಿಗುತ್ತದೆ, ಹಳೆಯ ಇಂಡೆಕ್ಸ್‌ಗಳಲ್ಲಿ ಅಂಥವರು ಬರುತ್ತಲೇ ಇರಲಿಲ್ಲ.

ಹೆಜ್ಜೆ 7: ಬೇರೆ ಬಾಗಿಲುಗಳು

ದುಡ್ಡು ಕಟ್ಟುವ ಮೊದಲು ಉಚಿತವಾದದ್ದನ್ನು ಮುಗಿಸಿ. ಫ್ರೀಬಿಎಂಡಿಯಲ್ಲಿ ಸ್ವಯಂಸೇವಕರು ಟೈಪ್ ಮಾಡಿದ ಇಂಗ್ಲೆಂಡ್, ವೇಲ್ಸ್‌ನ ಜನನ, ಮದುವೆ, ಮರಣ ಸೂಚಿಗಳಿವೆ. ಆದರೆ ಅದು ನಕಲು ಮಾಡಿದ ಮೂಲ ಸೂಚಿಯಲ್ಲಿ ಮಗುವಿನ ತಾಯಿಯ ತವರಿನ ಕುಲನಾಮ 1911ರ ಜುಲೈಯಿಂದಷ್ಟೇ ಕಾಣುತ್ತದೆ. ಅದಕ್ಕೂ ಹಿಂದಿನದಕ್ಕೆ ಸರ್ಕಾರದ ಜನರಲ್ ರಿಜಿಸ್ಟರ್ ಆಫೀಸಿನ ಸೂಚಿ ನೋಡಿ, ಅಲ್ಲಿ 1837ರಿಂದಲೇ ತಾಯಿಯ ಕುಲನಾಮ ಇದೆ. ಒಂದೇ ಊರಿನ ಮೂರು ಜಾನ್ ಬ್ರೌನ್‌ಗಳನ್ನು ಬೇರ್ಪಡಿಸಲು ಇಷ್ಟು ಸಾಕು.

ಯುದ್ಧದಲ್ಲಿ ಸತ್ತವರಿಗೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಎರಡು ಮಹಾಯುದ್ಧಗಳ 17 ಲಕ್ಷ ಹೆಸರುಗಳಿವೆ, ಭಾರತದ ಸೈನಿಕರೂ ಇದರಲ್ಲಿ ಸೇರಿದ್ದಾರೆ. ನಾಜಿಗಳ ಕಿರುಕುಳಕ್ಕೆ ಸಿಕ್ಕವರನ್ನು ಹುಡುಕಲು ಅರೋಲ್ಸನ್ ಆರ್ಕೈವ್ಸ್. ಬ್ರಿಟಿಷ್ ಕಾಲದ ಭಾರತದಲ್ಲಿದ್ದ ಯುರೋಪಿಯನ್ ಕುಟುಂಬಗಳಿಗೆ ಫಿಬಿಸ್. ಭಾರತ ಸರ್ಕಾರದ ಹಳೆಯ ಕಡತಗಳಿಗೆ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್.

ಪತ್ರಿಕೆಗಳನ್ನು ಮಾತ್ರ ಮರೆಯಬೇಡಿ. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಕ್ರಾನಿಕ್ಲಿಂಗ್ ಅಮೆರಿಕ, ಫ್ರಾನ್ಸಿನ ಗ್ಯಾಲಿಕಾ, ಎಲ್ಲ ಉಚಿತ. ಹೆಸರು ಸಿಗದಿದ್ದರೆ ಬೀದಿಯ ಹೆಸರು ಹಾಕಿ ನೋಡಿ. ಅಚ್ಚಿನ ಅಕ್ಷರವನ್ನೂ ಯಂತ್ರ ತಪ್ಪಾಗಿ ಓದುತ್ತದೆ. ಟ್ರೋವ್‌ನಲ್ಲಿ ಆ ತಪ್ಪನ್ನು ನೀವೇ ತಿದ್ದಬಹುದು. ಅದೊಂದು ಚಟ, ನಾನು ಸಂಬಂಧವೇ ಇಲ್ಲದವರ ಮರಣವಾರ್ತೆ ತಿದ್ದುತ್ತಾ ಮಧ್ಯರಾತ್ರಿ ಮಾಡಿದ್ದೇನೆ.

ಒಂದು ದಾಖಲೆಯನ್ನು ಹತ್ತಿರದಿಂದ

1873ರಿಂದ 1916ರವರೆಗೆ ಸುಮಾರು 34,000 ಭಾರತೀಯರು ಕರಾರು ಕೂಲಿಗಳಾಗಿ ದಕ್ಷಿಣ ಅಮೆರಿಕದಲ್ಲಿದ್ದ ಡಚ್ಚರ ವಸಾಹತು ಸುರಿನಾಮ್‌ಗೆ ಹೋದರು. ಅವರ ಪಟ್ಟಿ ನೆದರ್ಲೆಂಡ್ಸ್‌ನ ರಾಷ್ಟ್ರೀಯ ಪತ್ರಾಗಾರದ ಸೈಟ್‌ನಲ್ಲಿ ಉಚಿತವಾಗಿ ಇದೆ. ಒಂದು ನಮೂದು ತೆರೆದು ನೋಡಿ. ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಹಳ್ಳಿ, ಜಿಲ್ಲೆ, ಮೈಮೇಲಿನ ಗುರುತು, ಹಡಗಿನ ಹೆಸರು. ಕುಲನಾಮ ಇಲ್ಲದವರನ್ನು ಗುರುತಿಸೋದು ಹೇಗೆ ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ತಂದೆಯ ಹೆಸರು ಮತ್ತು ಹಳ್ಳಿ, ಇವೆರಡು ಸೇರಿದರೆ ಕುಲನಾಮದ ಕೆಲಸ ಮಾಡುತ್ತವೆ.

ಆದರೆ ಹಳ್ಳಿಯ ಹೆಸರನ್ನು ಕಣ್ಣಿನಿಂದ ಓದಬೇಡಿ, ಬಾಯಿಬಿಟ್ಟು ಓದಿ. ಹೇಳಿದವನು ಭೋಜಪುರಿಯಲ್ಲಿ ಹೇಳಿದ್ದಾನೆ, ಬರೆದವನು ಇಂಗ್ಲಿಷಿನಲ್ಲಿ ಬರೆದಿದ್ದಾನೆ, ಅದನ್ನು ಡಚ್ಚರು ನಕಲು ಮಾಡಿದ್ದಾರೆ. ಮೂರು ನಾಲಿಗೆ ದಾಟಿ ಬಂದ ಹೆಸರು. ಜೋರಾಗಿ ನಾಲ್ಕು ಸಲ ಹೇಳಿದರೆ ನಿಜವಾದ ಊರು ಕೇಳಿಸುತ್ತದೆ. ಅದೇ ಹಡಗಿನಲ್ಲಿ ಅದೇ ಜಿಲ್ಲೆಯಿಂದ ಹೊರಟವರನ್ನೂ ನೋಡಿ, ಅಣ್ಣ ತಮ್ಮಂದಿರು, ಊರವರು ಒಟ್ಟಿಗೆ ಹೋದದ್ದುಂಟು. ಒಬ್ಬರ ಹಳ್ಳಿಯ ಹೆಸರು ಅಳಿಸಿಹೋಗಿದ್ದರೆ ಪಕ್ಕದವರದ್ದು ಓದಲು ಬರಬಹುದು.

ಹೆಜ್ಜೆ 8: ಓದುವಾಗ ಎಡವುವ ಜಾಗಗಳು

ಕೈಬರಹ ಅರ್ಥವಾಗದಿದ್ದರೆ ಆ ಪದವನ್ನೇ ದಿಟ್ಟಿಸಬೇಡಿ. ಅದೇ ಗುಮಾಸ್ತ ಬರೆದ ತಿಂಗಳ ಹೆಸರುಗಳನ್ನು ಹುಡುಕಿ, ಅವು ನಿಮಗೆ ಮೊದಲೇ ಗೊತ್ತಿರುವ ಪದಗಳು. ಅವನ ಒಂದೊಂದು ಅಕ್ಷರ ಹೇಗಿದೆ ಅಂತ ಕಾಗದದ ಮೇಲೆ ಬರೆದುಕೊಂಡು ನಿಮ್ಮದೇ ಅಕ್ಷರಮಾಲೆ ಮಾಡಿಕೊಳ್ಳಿ. ಲ್ಯಾಟಿನ್ ಪುಸ್ತಕಕ್ಕೆ ಹತ್ತಿಪ್ಪತ್ತು ಪದ ಸಾಕು: ಫಿಲಿಯುಸ್ ಮಗ, ಫಿಲಿಯಾ ಮಗಳು, ಉಕ್ಸೋರ್ ಹೆಂಡತಿ, ಒಬಿಯಿಟ್ ತೀರಿಕೊಂಡ. ಪುಟ ಬಹಳ ಇದ್ದರೆ ಟ್ರಾನ್ಸ್‌ಕ್ರಿಬಸ್‌ಗೆ ಹಾಕಿ ನೋಡಿ, ಹಳೆಯ ಕೈಬರಹ ಓದಲೆಂದೇ ಮಾಡಿದ ಸಾಧನ ಅದು.

ತಾರೀಖು ಇನ್ನೊಂದು ಬಲೆ. ಇಂಗ್ಲೆಂಡಿನಲ್ಲಿ 1751ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ರಿಜಿಸ್ಟರ್‌ನಲ್ಲಿ ಡಿಸೆಂಬರ್ 1720 ಆದ ಮೇಲೆ ಬರೋದು ಜನವರಿ 1720, ಫೆಬ್ರವರಿ 1720. ಮದುವೆ ಜೂನ್ 1720ರಲ್ಲಿ, ಮಗು ಹುಟ್ಟಿದ್ದು ಮಾರ್ಚ್ 10, 1720 ಅಂತ ಕಂಡರೆ ಹುಬ್ಬೇರಿಸಬೇಡಿ, ಮದುವೆಯೇ ಮೊದಲು. ನಮ್ಮ ಲೆಕ್ಕದಲ್ಲಿ ಮಗು ಹುಟ್ಟಿದ್ದು 1721ರಲ್ಲಿ. ಬರೆದಿಟ್ಟುಕೊಳ್ಳುವಾಗ 1720/21 ಅಂತ ಬರೆಯಿರಿ. 1752ರಲ್ಲಿ ಅಲ್ಲಿ ಸೆಪ್ಟೆಂಬರ್ 2ರ ಮಾರನೇ ದಿನವೇ 14.

ವಯಸ್ಸನ್ನಂತೂ ಅಂದಾಜು ಅಂತಲೇ ತಗೊಳ್ಳಿ. 1841ರ ಇಂಗ್ಲೆಂಡಿನ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. 35 ಅಂದರೆ 39ರ ತನಕ ಯಾವುದೂ ಇರಬಹುದು.

ಹೆಜ್ಜೆ 9: ಸಿಕ್ಕಿದ್ದನ್ನು ಕಳೆದುಕೊಳ್ಳಬೇಡಿ

ಲಿಂಕ್ ಉಳಿಸಿಕೊಂಡರೆ ಸಾಲದು, ಲಿಂಕ್‌ಗಳು ಸಾಯುತ್ತವೆ. ಚಿತ್ರವನ್ನು ಇಳಿಸಿಕೊಳ್ಳಿ, ಒಂದು ಸಾಲಲ್ಲ, ಇಡೀ ಪುಟ. ಪುಸ್ತಕದ ಮೊದಲ ಪುಟವನ್ನೂ ಇಳಿಸಿ. ಫೈಲ್ ಹೆಸರು ವರ್ಷದಿಂದ ಶುರುವಾಗಲಿ: 1874, ಮದುವೆ, ಊರು, ವ್ಯಕ್ತಿಯ ನಂಬರ್. ಆಗ ಫೋಲ್ಡರ್ ತೆರೆದರೆ ಒಂದು ಜೀವನ ಸಾಲಾಗಿ ನಿಲ್ಲುತ್ತದೆ. ಜೊತೆಗೆ ಪತ್ರಾಗಾರದ ಹೆಸರು, ಪುಸ್ತಕದ ಸಂಖ್ಯೆ, ಪುಟ, ಚಿತ್ರದ ಸಂಖ್ಯೆ, ನೋಡಿದ ದಿನ ಬರೆದಿಡಿ. ಸಿಗದೇ ಇದ್ದದ್ದನ್ನೂ ಬರೆಯಿರಿ: ‘1870ರಿಂದ 1875ರವರೆಗೆ ಈ ಪುಸ್ತಕ ಪೂರ್ತಿ ನೋಡಿದೆ, ಇಲ್ಲ.’ ಇದನ್ನು ಬರೆಯದೆ ನಾನು ಒಂದೇ ರಿಜಿಸ್ಟರನ್ನು ಎರಡು ವರ್ಷದ ಅಂತರದಲ್ಲಿ ಎರಡು ಸಲ ಪೂರ್ತಿ ಓದಿದ್ದೇನೆ.

ವಂಶವೃಕ್ಷ ಕಟ್ಟಲು ಗ್ರ್ಯಾಂಪ್ಸ್ ಅನ್ನೋ ಸಾಫ್ಟ್‌ವೇರ್ ಉಚಿತ. ಯಾವುದನ್ನೇ ಬಳಸಿ, ಆಗಾಗ ಗೆಡ್‌ಕಾಮ್ ಫೈಲಾಗಿ ಹೊರತೆಗೆದಿಡಿ. ಹೆಚ್ಚುಕಡಿಮೆ ಎಲ್ಲ ವಂಶಾವಳಿ ಸಾಫ್ಟ್‌ವೇರ್‌ಗಳೂ ಅದನ್ನು ಓದುತ್ತವೆ.

ಹೆಜ್ಜೆ 10: ಬೇರೆಯವರ ಮರವನ್ನು ಹಾಗೇ ಎತ್ತಿಕೊಳ್ಳಬೇಡಿ

ಯಾರೋ ಹಾಕಿದ ವಂಶವೃಕ್ಷದಲ್ಲಿ ನಿಮ್ಮವರು ಸಿಕ್ಕರೆ ಖುಷಿಯಾಗುತ್ತದೆ, ಆರು ತಲೆಮಾರು ಒಂದೇ ಕ್ಲಿಕ್‌ನಲ್ಲಿ. ಒಂದು ಸಲ ಹಾಗೆ ಎತ್ತಿಕೊಂಡು ಮೂರು ವಾರ ಅದರ ಮೇಲೆ ಕಟ್ಟಿದೆ. ಆಮೇಲೆ ನೋಡಿದರೆ ಅದರಲ್ಲೊಬ್ಬ ತಾಯಿ ತನ್ನ ಮಗನಿಗಿಂತ ನಾಲ್ಕು ವರ್ಷ ಚಿಕ್ಕವಳು! ಒಂದೇ ಹೆಸರಿನ ಇಬ್ಬರನ್ನು ಯಾರೋ ಒಬ್ಬರನ್ನಾಗಿ ಮಾಡಿದ್ದರು, ಇನ್ನು ಹನ್ನೊಂದು ಜನ ಅದನ್ನೇ ನಕಲು ಮಾಡಿದ್ದರು. ಹಾಗಾಗಿ ಮರವನ್ನು ಸುಳಿವು ಅಂತ ತಗೊಂಡು ಮೂಲ ಚಿತ್ರ ನೋಡಿ. ಇಂಡೆಕ್ಸ್‌ನಲ್ಲಿ ಕಂಡದ್ದಕ್ಕೂ ಇದೇ ಮಾತು. ನೀವು ನಿಮ್ಮ ಮರವನ್ನು ಆನ್‌ಲೈನ್‌ಗೆ ಹಾಕುವಾಗ ಬದುಕಿರುವವರ ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಮರೆಮಾಡಿ. ಬ್ಯಾಂಕುಗಳು ಗುರುತಿಗೆ ಕೇಳೋದು ಇಂಥವನ್ನೇ ಅಲ್ವಾ?

ಇಷ್ಟೆಲ್ಲ ಆಗಿಯೂ ಸಿಗದಿದ್ದರೆ ಪತ್ರಾಗಾರಕ್ಕೆ ಇಮೇಲ್ ಬರೆಯಿರಿ. ಸ್ಕ್ಯಾನ್ ಆಗದೇ ಕಪಾಟಿನಲ್ಲೇ ಇರುವ ಪುಸ್ತಕಗಳು ಇನ್ನೂ ಬಹಳ ಇವೆ. ನಿಮ್ಮ ಕುಟುಂಬದ ಕತೆ ಪೂರ್ತಿ ಬರೆಯಬೇಡಿ, ಸಿಬ್ಬಂದಿಗೆ ಅದನ್ನು ಓದಲು ಪುರುಸೊತ್ತಿರುವುದಿಲ್ಲ. ನಾಲ್ಕು ಸಾಲು ಸಾಕು: ಯಾರು, ಯಾವ ಘಟನೆ, ಯಾವ ಊರು, ಯಾವ ವರ್ಷಗಳ ನಡುವೆ, ಈಗಾಗಲೇ ಯಾವ ಪುಸ್ತಕ ನೋಡಿದ್ದೀರಿ. ಕೊನೆಗೆ ಒಂದೇ ಪ್ರಶ್ನೆ: ‘ಈ ಊರಿಗೆ ಈ ವರ್ಷಗಳ ಬೇರೆ ರಿಜಿಸ್ಟರ್ ನಿಮ್ಮಲ್ಲಿ ಇದೆಯೇ?’ ಉತ್ತರ ಬರಲು ಕೆಲವು ವಾರ ಹಿಡಿಯಬಹುದು. ಅಷ್ಟರಲ್ಲಿ 13ನೇ ನಂಬರಿನವರನ್ನು ಹುಡುಕಲು ಶುರು ಮಾಡಿ.